‘ಸಲ್ಲಿಸಿದ ದಿನಾಂಕ’ ಎಂದು ನಾನು ಬರೆದ ಸುಳ್ಳು

ಕಾರ್ಯದರ್ಶಿಯವರ ಫೋನು ಬಂದಾಗ ನಾನು ಚಳ್ಳಕೆರೆಯ ನನ್ನ ಕೋಣೆಯಲ್ಲಿ ಕೂತು ಒಂದು ಎಣ್ಣೆ ಮಿಲ್ಲಿನ ಹಾಜರಾತಿ ತಂತ್ರಾಂಶ ಸರಿಮಾಡುತ್ತಿದ್ದೆ. ಮೊಳಕಾಲ್ಮೂರಿನ ರೇಷ್ಮೆ ಸೀರೆ ನೇಯುವವರ ಸಂಘವೊಂದಕ್ಕೆ ಅವರು ಕಾರ್ಯದರ್ಶಿ. ಆ ಸಂಘದ ವೆಬ್‌ಸೈಟ್ ಮಾಡಿಕೊಟ್ಟವಳು ನಾನು, ನೋಡಿಕೊಳ್ಳುವವಳೂ ನಾನೇ.

“ಮೇಡಂ, ನಮ್ಮ ಡಿಸೈನ್ ಪಟ್ಟಿ ಐತಲ್ಲ, ಅದನ್ನ ದಿನಾಂಕದ ಸಮೇತ ಪ್ರಿಂಟ್ ತೆಗೆದು, ಕೆಳಗೊಂದು ಸೈನ್ ಹಾಕಿ ಕಳಿಸ್ರಿ. ಜಾಲಿ ಹೂವಿನ ಅಂಚಿಂದು ಗಲಾಟೆ ಆಗೈತೆ. ಯಾರು ಕದ್ದೋರು ಅಂತ ಸೋಮವಾರ ತೀರ್ಮಾನ ಮಾಡ್ಬೇಕು.”

ಹತ್ತು ನಿಮಿಷದಲ್ಲಿ ಕಳಿಸಿದೆ. ‘ಸರ್ವರಿನ ದಾಖಲೆಯಂತೆ ಇದು ಸರಿಯಾಗಿದೆ’ ಎಂದು ಒಂದು ಸಾಲು ಬರೆದು ಸಹಿಯನ್ನೂ ಹಾಕಿದೆ. ಆ ಸಾಲನ್ನು ಯಾರೂ ಕೇಳಿರಲಿಲ್ಲ. ನನ್ನದೇ ಜಂಬ.

ಆ ಪಟ್ಟಿ ಏನು ಅಂತ ಮೊದಲು ಹೇಳಿಬಿಡುತ್ತೇನೆ. ಸೀರೆಯ ಅಂಚು, ಸೆರಗು, ಬುಟ್ಟ ಏನೇ ಇರಲಿ, ಮೊದಲು ಚೌಕಳಿ ಕಾಗದದ ಮೇಲೆ ಒಂದೊಂದು ಮನೆ ತುಂಬಿ ಬರೆಯಬೇಕು. ಅದಕ್ಕೆ ಅವರು ಗ್ರಾಫ್ ಅನ್ನುತ್ತಾರೆ. ಗ್ರಾಫ್ ನೋಡಿ ರಟ್ಟಿನ ಕಾರ್ಡುಗಳಿಗೆ ತೂತು ಹೊಡೆಯುತ್ತಾರೆ, ಆ ಕಾರ್ಡುಗಳು ಮಗ್ಗದ ಮೇಲೆ ಕೂರುತ್ತವೆ. ಈಗ ಗ್ರಾಫ್ ಕಂಪ್ಯೂಟರಿಗೆ ಬಂದಿದೆ. ಬರೆದವರು ಅದನ್ನು ಸಂಘದ ಫೋಲ್ಡರಿಗೆ ಹಾಕುತ್ತಾರೆ, ನೇಕಾರರು ಮೊಬೈಲಿನಲ್ಲಿ ಪಟ್ಟಿ ನೋಡಿ ಬೇಕಾದ್ದನ್ನು ಆರಿಸುತ್ತಾರೆ. ಹೊಸದು ಮೇಲೆ, ಹಳೆಯದು ಕೆಳಗೆ. ಪಕ್ಕದಲ್ಲಿ ಬರೆದವರ ಹೆಸರು, ದಿನಾಂಕ. ಒಂದೇ ತರಹದ ಎರಡು ಗ್ರಾಫ್ ಬಂದರೆ ಮೊದಲು ಸಲ್ಲಿಸಿದವರದೇ ಅಸಲು, ನಂತರದವರು ಕದ್ದವರು ಅನ್ನುವುದು ಸಂಘದ ನಿಯಮ. ಕದ್ದವರ ಹೆಸರು ಪಟ್ಟಿಯಿಂದ ಹೋಗುತ್ತದೆ. ಆಮೇಲೆ ಯಾವ ನೇಕಾರರೂ ಅವರ ಗ್ರಾಫ್ ಮುಟ್ಟುವುದಿಲ್ಲ.

ಮರುದಿನ ಬೆಳಿಗ್ಗೆಯೇ ಆ ‘ಕದ್ದವರು’ ನನ್ನ ಬಾಗಿಲಲ್ಲಿ ನಿಂತಿದ್ದರು. ಅರವತ್ತು ದಾಟಿದ ಹೆಂಗಸು, ಕಂಕುಳಲ್ಲಿ ಬಟ್ಟೆ ಸುತ್ತಿದ ಕಾಗದದ ಸುರುಳಿ. ಊರಲ್ಲಿ ಎಲ್ಲರೂ ಅವರನ್ನು ಗ್ರಾಫಮ್ಮ ಎಂದೇ ಕರೆಯುತ್ತಾರೆ. ಮನೆ ಮಾತು ತೆಲುಗು. ಮೂವತ್ತು ವರ್ಷದಿಂದ ಗ್ರಾಫ್ ಬರೆಯುತ್ತಿರುವವರು.

“ನಿಮ್ಮ ಕಂಪ್ಯೂಟರಿಗೆ ಹೆಂಗೆ ಗೊತ್ತಾಯ್ತಮ್ಮ, ನಾನು ಕದ್ದಿದ್ದು?” ಅಂದರು. ಕೂರಲಿಲ್ಲ.

“ನಾನು ಹಂಗಂದಿಲ್ಲ ಕಣಮ್ಮ. ದಿನಾಂಕ ಮಾತ್ರ ಕಳಿಸಿದ್ದು.”

“ಅದ್ರಾಗೆ ನಂದು ಹದಿನೈದು ದಿನದ ಹಿಂದ್ಲದು ಅಂತ ಐತೆ. ಆಯಪ್ಪಂದು ಹೋದ ದೀಪಾವಳಿದು. ನಾನು ಅದನ್ನ ಬರ್ದು ಎರಡು ವರ್ಷದ ಮೇಲಾತು! ನೇಯ್ದೋರು ಅವ್ರೆ, ಉಟ್ಟೋರು ಅವ್ರೆ. ಅವ್ರೆಲ್ಲ ಹೇಳಿದ್ರೂ ‘ಬಾಯಿ ಮಾತು ನಡಿಯಲ್ಲ, ರೆಕಾರ್ಡು ಬೇಕು’ ಅಂತಾರೆ.”

‘ಆಯಪ್ಪ’ ಅಂದರೆ ದೂರು ಕೊಟ್ಟವರು. ಲ್ಯಾಪ್‌ಟಾಪಿನಲ್ಲೇ ಗ್ರಾಫ್ ಬರೆಯುವ ಇನ್ನೊಬ್ಬರು. ನಾನು ಗ್ರಾಫಮ್ಮನಿಗೆ ನೀರು ಕೊಟ್ಟೆ. ಸರ್ವರಿನ ಗಡಿಯಾರ ತಪ್ಪುವುದಿಲ್ಲ, ನಿಮಗೇ ನೆನಪು ಹಿಂದೆಮುಂದಾಗಿರಬಹುದು ಎಂದು ಸಮಾಧಾನದ ದನಿಯಲ್ಲಿ ಹೇಳಿದೆ. ಈಗ ಆ ದನಿ ನೆನೆದರೆ ನನ್ನ ಕಪಾಳಕ್ಕೆ ನಾನೇ ಬಾರಿಸಿಕೊಳ್ಳಬೇಕು ಅನಿಸುತ್ತದೆ.

ಅವರು ಸುರುಳಿ ಬಿಚ್ಚಿದರು. ಜಾಲಿ ಹೂವಿನ ಅಂಚಿನ ಕಾಗದದ ಗ್ರಾಫ್. ಮಡಿಕೆಗಳು ಸವೆದು ತೂತು ಬಿದ್ದಿದ್ದವು. ಒಂದು ಮೂಲೆಯಲ್ಲಿ ಸೊಸೆ ಬಸುರಿಯಾಗಿದ್ದಾಗ ಬರೆದುಕೊಂಡ ಔಷಧಿಯ ಹೆಸರು. “ಆ ಕೂಸು ಈಗ ಓಡಾಡ್ತೈತೆ. ಇದು ನಿಮಗೆ ರೆಕಾರ್ಡಲ್ವಾ?” ಅಂದರು. “ನೋಡ್ತೀನಿ ಬಿಡ್ರಿ” ಅಂದೆ. ಸೋಮವಾರಕ್ಕೆ ನಾಲ್ಕು ದಿನ ಇತ್ತು.

ಅವರು ಹೋದ ಮೇಲೆ ಆ ಪುಟದ ಕೋಡನ್ನು ತೆರೆದೆ. ನಾಲ್ಕು ವರ್ಷದ ಹಿಂದೆ ಪಿಎಚ್‌ಪಿಯಲ್ಲಿ ಬರೆದದ್ದು. ಫೋಲ್ಡರಿನ ಫೈಲುಗಳನ್ನೆಲ್ಲ ಓದು. ಪ್ರತಿಯೊಂದನ್ನೂ ಕೊನೆಯ ಸಲ ತಿದ್ದಿದ ಸಮಯ ಯಾವುದು ಎಂದು ಸರ್ವರನ್ನು ಕೇಳು. ಆ ಸಮಯದಂತೆ ಜೋಡಿಸಿ ತಿರುಗಿಸಿ ಹಾಕು. ಅಷ್ಟೇ. ಅದರ ಮೇಲೆ, ಪಟ್ಟಿಯ ತಲೆಯಲ್ಲಿ, ದಪ್ಪ ಅಕ್ಷರದಲ್ಲಿ ನಾನೇ ಬರೆದ ಶೀರ್ಷಿಕೆ: ‘ಸಲ್ಲಿಸಿದ ದಿನಾಂಕ’.

ಥೂ! ಕೊನೆಯ ಸಲ ತಿದ್ದಿದ ಸಮಯ ಎಲ್ಲಿ, ಸಲ್ಲಿಸಿದ ದಿನಾಂಕ ಎಲ್ಲಿ? ಫೈಲು ಬಂದ ಕ್ಷಣವನ್ನು ಬೇರೆ ಕಡೆ ಒಂದು ಸಾಲಾಗಿ ದಾಖಲಿಸಿಡಬೇಕಿತ್ತು. ಅದಕ್ಕೆ ಅರ್ಧ ದಿನದ ಕೆಲಸ ಹಿಡಿಯುತ್ತಿತ್ತು. ಅವತ್ತು ಮೈಗಳ್ಳತನ ಮಾಡಿ ಫೋಲ್ಡರಿನಿಂದಲೇ ಸಮಯ ಎತ್ತಿಕೊಂಡೆ, ‘ಯಾರು ಇದನ್ನೆಲ್ಲ ತಿದ್ದುತ್ತಾರೆ, ಹಾಕಿದ್ದು ಹಾಕಿದ ಹಾಗೇ ಇರುತ್ತದೆ’ ಎಂದುಕೊಂಡೆ.

ಆದರೆ ಗ್ರಾಫಮ್ಮನ ಫೈಲನ್ನು ತಿದ್ದಿದವರು ಯಾರು? ಮೊದಲ ಅನುಮಾನ ನನ್ನ ಮೇಲೆಯೇ. ಹೋದ ವರ್ಷ ಹಳೇ ಸರ್ವರಿನಿಂದ ಹೊಸದಕ್ಕೆ ಎಲ್ಲವನ್ನೂ ಸಾಗಿಸಿದ್ದೆ. ಸಮಯ ಉಳಿಸಿಕೊಳ್ಳದೆ ನಕಲು ಮಾಡಿದ್ದರೆ ಎಲ್ಲ ಫೈಲುಗಳಿಗೂ ಸಾಗಿಸಿದ ದಿನವೇ ಬಿದ್ದಿರಬೇಕು. ಹಾಗಾಗಿರಲಿಲ್ಲ, ಸಮಯಗಳು ಬೇರೆಬೇರೆಯೇ ಇದ್ದವು. ಆಮೇಲೆ ಕೋಡಿನಲ್ಲೇ ಒಂದು ಹುಳುಕು ಸಿಕ್ಕಿತು. ಸಮಯವನ್ನೇ ಕೀಲಿಯಾಗಿಟ್ಟು ಪಟ್ಟಿ ಕಟ್ಟಿದ್ದೆ, ಹಾಗಾಗಿ ಎರಡು ಫೈಲುಗಳ ಸಮಯ ಒಂದೇ ಸೆಕೆಂಡಾದರೆ ಒಂದು ಇನ್ನೊಂದನ್ನು ನುಂಗಿಬಿಡುತ್ತಿತ್ತು. ಸಿಕ್ಕಿತು ಅಂತ ಕುಣಿದೆ. ಅದನ್ನು ಸರಿಮಾಡಿದಾಗ ನಾಲ್ಕು ವರ್ಷದಿಂದ ಯಾರ ಕಣ್ಣಿಗೂ ಬೀಳದ ಎರಡು ಸೆರಗಿನ ಗ್ರಾಫ್‌ಗಳು ಪಟ್ಟಿಗೆ ಬಂದವು. ಜಾಲಿ ಹೂವಿನ ದಿನಾಂಕ ಅಲ್ಲಾಡಲಿಲ್ಲ. ಒಂದು ಪಾಪ ಹುಡುಕಲು ಹೋಗಿ ಇನ್ನೊಂದು ಪಾಪ ಸಿಕ್ಕಿತ್ತು.

ಫೈಲು ಹುಟ್ಟಿದ ದಿನ ಎಲ್ಲಾದರೂ ಇದೆಯೇ ಎಂದು ತಡಕಿದೆ. ಹೊಸ ಸರ್ವರಿನ ಲೆಕ್ಕದಲ್ಲಿ ಹಳೇ ಫೈಲುಗಳೆಲ್ಲ ಸಾಗಿಸಿದ ದಿನವೇ ಹುಟ್ಟಿದವು. ಇನ್ನೊಂದು ಸಮಯವಿದೆ, ಫೈಲಿನ ಒಡೆತನ ಬದಲಾದರೂ ಬದಲಾಗುವಂಥದು. ನಾನು ಒಂದು ಸಲ ಒಡೆತನ ಬದಲಿಸಿ ಅದನ್ನೂ ಹಾಳು ಮಾಡಿದ್ದೆ. ಯಾರು ಯಾವಾಗ ಫೈಲು ಹಾಕಿದರು ಎಂಬ ಸರ್ವರಿನ ದಿನಚರಿ ಎರಡು ವಾರಕ್ಕೊಮ್ಮೆ ತಾನಾಗಿ ಅಳಿಸಿಹೋಗುವಂತೆ ಇಟ್ಟವಳೂ ನಾನೇ. ಎಲ್ಲ ಬಾಗಿಲನ್ನೂ ನನ್ನ ಕೈಯಾರೆ ಮುಚ್ಚಿ ಬಂದಿದ್ದೆ.

ಶುಕ್ರವಾರ ಮೊಳಕಾಲ್ಮೂರಿನ ಬಸ್ಸು ಹತ್ತಿದೆ. ತಳಕಿನಲ್ಲಿ ಬಸ್ಸು ನಿಂತಾಗ ಒಂದು ಟೀ ಕುಡಿದದ್ದು ಬಿಟ್ಟರೆ ದಾರಿಯುದ್ದಕ್ಕೂ ತಲೆಯಲ್ಲಿ ಕೋಡಿನ ಅದೇ ಮೂರು ಸಾಲು. ಸಂಘದ ಕಚೇರಿಯ ಕಂಪ್ಯೂಟರಿನಲ್ಲಿರುವ ಫೋಲ್ಡರೂ ಸರ್ವರಿನ ಫೋಲ್ಡರೂ ಒಂದೇ. ಇಲ್ಲಿ ತಿದ್ದಿದರೆ ಅಲ್ಲೂ ತಿದ್ದಿದ ಹಾಗೆ. ಆ ಕಂಪ್ಯೂಟರಿನ ಮುಂದೆ ಯಾರು ಕೂರುತ್ತಾರೆ ಎಂದು ನೋಡಬೇಕಿತ್ತು.

ಹೋಗಿ ನೋಡಿದರೆ ಗ್ರಾಫಮ್ಮನೇ ಕೂತಿದ್ದರು! ಪಕ್ಕದಲ್ಲಿ ಒಬ್ಬ ನೇಕಾರ, ಅಂದು ಮಗ್ಗಕ್ಕೆ ಹೊಸ ಹಾಸು, ಅಂದರೆ ಉದ್ದನೆಯ ಎಳೆಗಳನ್ನು, ಏರಿಸುವವನು. ಪಟ್ಟಿಯಿಂದ ಒಂದು ಬುಟ್ಟದ ಗ್ರಾಫ್ ಆರಿಸಿದ್ದ. ಅದು ಗ್ರಾಫಮ್ಮನದಲ್ಲ, ಇನ್ಯಾರದೋ. ಅವರು ಆ ಫೈಲನ್ನು ಚಿತ್ರ ಬರೆಯುವ ‘ಪೇಂಟ್’ ತಂತ್ರಾಂಶದಲ್ಲಿ ತೆರೆದರು. ಚಿತ್ರದ ಹೊರಗಿನ ಖಾಲಿ ಜಾಗದಲ್ಲಿ, ಎಡ ಮೂಲೆಯ ಹಳೇ ಹಳದಿ ಚುಕ್ಕಿ ಅಳಿಸಿ, ಅಲ್ಲೇ ಹೊಸದಾಗಿ ನಾಲ್ಕು ಮನೆ ಹಳದಿ ತುಂಬಿದರು. ಸೇವ್ ಮಾಡಿದರು. ನೇಕಾರ ಪರದೆಗೆ ಕೈಮುಗಿದು ಎದ್ದ.

“ಇದೇನಮ್ಮ ಮಾಡಿದ್ದು?” ಅಂದೆ.

“ಪಸುಪು ಬೊಟ್ಟು ಕಣಮ್ಮ. ಅರಿಶಿಣ. ಹೊಸ ಹಾಸು ಏರಿಸ್ಬೇಕಾದ್ರೆ ಗ್ರಾಫಿಗೆ ಬೊಟ್ಟಿಡ್ದೆ ಯಾರು ಮಗ್ಗ ಮುಟ್ತಾರೆ? ಮೊದ್ಲು ಕಾಗದಕ್ಕೆ ಅರಿಶಿಣನೇ ಹಚ್ಚಾದು. ಈ ಡಬ್ಬಿ ಬಂದ ಮ್ಯಾಲೆ ನೇಕಾರ್ರು ಒಪ್ಲಿಲ್ಲ, ಶಾಸ್ತ್ರ ತಪ್ತೈತೆ ಅಂದ್ರು. ಅದಕ್ಕೆ ನಾನೇ ಹಿಂಗೆ ಕಲ್ತೆ. ಹಳೇ ಬೊಟ್ಟು ಅಳಿಸಿ ಹೊಸದು ಇಡಾದು. ಹೂವಿಗೆ ತಾಕಲ್ಲ, ತೂತಿಗೂ ಬರಲ್ಲ.”

“ಎಲ್ಲಾರ ಗ್ರಾಫಿಗೂ ನೀವೇ ಇಡ್ತೀರಾ?”

“ಇನ್ಯಾರು ಇಡ್ತಾರೆ? ಹಿರೇಳು ನಾನೇ ಅಲ್ವಾ.”

ಮೊಬೈಲಿನಲ್ಲಿ ಪಟ್ಟಿ ತೆರೆದೆ. ಆ ಬುಟ್ಟ ಎಲ್ಲೋ ಕೆಳಗಿದ್ದದ್ದು ಎದ್ದು ಬಂದು ತಲೆಯ ಮೇಲೆ ಕೂತಿತ್ತು. ಪಕ್ಕದಲ್ಲಿ: ‘ಸಲ್ಲಿಸಿದ ದಿನಾಂಕ’, ಇವತ್ತಿನದು.

ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟೆ. ನೇಕಾರರು ಮೆಚ್ಚಿ ಮತ್ತೆ ಮತ್ತೆ ನೇಯುವ ಗ್ರಾಫಿಗೆ ಮತ್ತೆ ಮತ್ತೆ ಬೊಟ್ಟು, ಪ್ರತಿ ಬೊಟ್ಟಿಗೂ ಹೊಸ ದಿನಾಂಕ. ಮೇಲೆ ಬಂತು ಅಂತ ಇನ್ನೂ ನಾಲ್ಕು ಜನ ಆರಿಸುತ್ತಾರೆ, ಇನ್ನೂ ಹೊಸದಾಗುತ್ತದೆ. ಅದನ್ನು ಕದ್ದು ಹಾಕಿದ ಗ್ರಾಫ್ ಕೆಳಗೆಲ್ಲೋ ಯಾರೂ ಮುಟ್ಟದೆ ಬಿದ್ದಿರುತ್ತದೆ, ಅದರ ದಿನಾಂಕ ಹಳೆಯದಾಗಿಯೇ ಉಳಿಯುತ್ತದೆ. ನನ್ನ ಪಟ್ಟಿಯ ಪ್ರಕಾರ ಊರೆಲ್ಲ ನೇಯ್ದದ್ದು ಕದ್ದ ಮಾಲು, ಯಾರಿಗೂ ಬೇಡವಾದದ್ದು ಅಸಲು. ನಾಲ್ಕು ವರ್ಷದಿಂದ ಹೀಗೇ ನಡೆದಿತ್ತು.

ಶನಿವಾರ ಮನೆಯ ಬೀರುವಿನಿಂದ ಹಳೇ ಹಾರ್ಡ್‌ಡಿಸ್ಕ್ ತೆಗೆದೆ. ತಿಂಗಳಿಗೊಮ್ಮೆ ಇಡೀ ಫೋಲ್ಡರಿನ ನಕಲನ್ನು ಒಂದು ಕಟ್ಟಾಗಿ ಕಟ್ಟಿ ಇಟ್ಟುಕೊಳ್ಳುವ ಅಭ್ಯಾಸ ನನಗಿದೆ. ಆ ಕಟ್ಟಿನೊಳಗೆ ಪ್ರತಿ ಫೈಲಿನ ಅಂದಿನ ಸಮಯವೂ ಇದ್ದ ಹಾಗೇ ಕೂತಿರುತ್ತದೆ. ಒಂದೊಂದೇ ಬಿಚ್ಚುತ್ತ ಹಿಂದಕ್ಕೆ ಹೋದೆ. ಎರಡು ವರ್ಷದ ಹಿಂದಿನ ಶ್ರಾವಣದ ಕಟ್ಟಿನಲ್ಲಿ ಗ್ರಾಫಮ್ಮನ ಜಾಲಿ ಹೂವು ಸಿಕ್ಕಿತು. ಇನ್ನೂ ಬೊಟ್ಟೇ ಇಡದ ಫೈಲು. ದೂರುದಾರರ ಫೈಲು ಹೋದ ದೀಪಾವಳಿಯವರೆಗೆ ಯಾವ ಕಟ್ಟಿನಲ್ಲೂ ಇಲ್ಲ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದೆ. ಬಣ್ಣ ಬೇರೆ, ಮನೆ ಮನೆಗೂ ಹೂವು ಒಂದೇ. ದೂರುದಾರರ ಫೈಲಿನ ಹೊರಗಿನ ಜಾಗ ಒಂದೂ ಬೊಟ್ಟಿಲ್ಲದೆ ತೊಳೆದಿಟ್ಟ ಹಾಗಿತ್ತು. ತಾನು ಕಳ್ಳ ಪರರ ನಂಬ ಅನ್ನುವುದು ಹಳೇ ಗಾದೆ. ಈ ಮಹಾಶಯ ಒಂದು ಹೆಜ್ಜೆ ಮುಂದೆ ಹೋಗಿ ಪರರನ್ನೇ ಕಳ್ಳರನ್ನಾಗಿ ಮಾಡಿ ದೂರು ಕೊಟ್ಟಿದ್ದರು.

ಸಂತೋಷದಿಂದ ಕಾರ್ಯದರ್ಶಿಯವರಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವರು ಹ್ಞೂಂಗುಟ್ಟುತ್ತ ಕೇಳಿಸಿಕೊಂಡರು.

“ಸರಿ ಮೇಡಂ, ಅಮ್ಮಂದೇ ಮೊದ್ಲು ಅಂತ ಆತಲ್ಲ. ಈ ಅರಿಶಿಣ, ಸರ್ವರು ಎಲ್ಲಾ ಸಭೆಯಾಗೆ ಯಾಕೆ ಹೇಳಾಕೆ ಹೋಗ್ತೀರಿ? ಆ ಫೈಲಿನ ದಿನಾಂಕ ಹಿಂದಕ್ಕೆ ಹಾಕಿಬಿಡ್ರಿ. ಹಾಕಾಕೆ ಆಗ್ತೈತಾ?”

“ಆಗುತ್ತೆ. ಒಂದೇ ಸಾಲು.”

“ಮತ್ತೇನು! ಹೊಸ ಪ್ರಿಂಟ್ ಕೊಡ್ರಿ, ಹಳೇ ಪ್ರಿಂಟ್ ಹರಿದು ಹಾಕ್ತೀನಿ. ಅಮ್ಮನ ಹೆಸರೂ ಉಳೀತೈತೆ, ನಿಮ್ಮ ಹೆಸರೂ ಉಳೀತೈತೆ.”

ಸುಳ್ಳು ಯಾಕೆ ಹೇಳಲಿ, ಆಸೆಯಾಯಿತು. ನಾನು ಹಾಕಬೇಕಾದದ್ದು ಸತ್ಯವಾದ ದಿನಾಂಕವನ್ನೇ ತಾನೆ? ಯಾರಿಗೆ ಏನು ನಷ್ಟ? ಹಾಗೇ ಲೆಕ್ಕಾಚಾರ ಹಾಕುತ್ತ, ಮೊದಲು ಕಳಿಸಿದ ಪ್ರಿಂಟಿನ ಜೊತೆ ಬರೆದಿದ್ದ ಆ ಜಂಬದ ಸಾಲನ್ನು ಹುಡುಕಲು ಇಮೇಲ್ ತೆರೆದೆ. ಅದೇ ಸಾಲು ಎರಡು ಸಲ ಸಿಕ್ಕಿತು. ಒಂದು ಈ ವಾರದ್ದು, ಇನ್ನೊಂದು ಹೋದ ವರ್ಷದ್ದು. ಅದೇ ದೂರುದಾರರು. ಆಗ ಕಳ್ಳ ಅನಿಸಿಕೊಂಡವರು ಒಬ್ಬ ಮುದುಕರು, ಸೆರಗಿನ ಗ್ರಾಫ್ ಬರೆಯುತ್ತಿದ್ದವರು. ಪ್ರಿಂಟ್ ಕಳಿಸಿ ನಾನು ಮರೆತಿದ್ದೆ. ಸಂಘ ಅವರ ಹೆಸರು ತೆಗೆದು ಹಾಕಿತ್ತು.

ಮತ್ತೆ ಕಟ್ಟುಗಳನ್ನು ಬಿಚ್ಚಿದೆ. ಆ ಮುದುಕರ ಸೆರಗೇ ಹಳೆಯದು, ದೂರುದಾರರದಕ್ಕಿಂತ ಏಳೆಂಟು ತಿಂಗಳು ಮುಂಚಿನದು. ಆ ದೂರುದಾರರಿಗೆ ಪಟ್ಟಿಯ ಈ ಚಾಳಿ ಗೊತ್ತಿತ್ತೋ, ಕುರುಡುಗಲ್ಲು ಎಸೆದರೋ, ನನಗೆ ಇಂದಿಗೂ ತಿಳಿಯದು. ನನಗೆ ತಿಳಿದದ್ದು ಇಷ್ಟೇ: ಗ್ರಾಫಮ್ಮನ ದಿನಾಂಕವನ್ನು ಸದ್ದಿಲ್ಲದೆ ಹಿಂದಕ್ಕೆ ಹಾಕಿದರೆ ಪಟ್ಟಿ ಸರಿಯಾಗಿದೆ ಎಂದು ನಾನೇ ಮೂರನೇ ಸಲ ಸಹಿ ಹಾಕಿದ ಹಾಗೆ. ಆ ಮುದುಕರು ಸಾಯುವವರೆಗೂ ಕಳ್ಳರಾಗಿಯೇ ಇರುತ್ತಾರೆ. ಕಾರ್ಯದರ್ಶಿಯವರಿಗೆ ಫೋನ್ ಮಾಡಿ, ದಿನಾಂಕ ಮುಟ್ಟುವುದಿಲ್ಲ, ಸಭೆಗೆ ನಾನೇ ಬರುತ್ತೇನೆ ಎಂದೆ. “ನಿಮ್ಮಿಷ್ಟ ಮೇಡಂ, ಆಮೇಲೆ ನನ್ನ ಅನ್ಬೇಡ್ರಿ” ಎಂದು ಫೋನಿಟ್ಟರು.

ಸೋಮವಾರ ಸಂಘದ ಹಾಲ್ ತುಂಬಿತ್ತು. ಗ್ರಾಫಮ್ಮ ಮುಂದಿನ ಸಾಲಿನಲ್ಲಿ ಸೆರಗು ಹೊದ್ದು ಕೂತಿದ್ದರು. ದೂರುದಾರರು ಕಾಲ ಮೇಲೆ ಕಾಲು ಹಾಕಿಕೊಂಡು ಮೊಬೈಲ್ ನೋಡುತ್ತಿದ್ದರು. ಕಾರ್ಯದರ್ಶಿಯವರು ನನ್ನ ಪ್ರಿಂಟನ್ನು ಎತ್ತಿ ಹಿಡಿದು “ಕಂಪ್ಯೂಟರ್ ಸುಳ್ಳು ಹೇಳಲ್ಲ” ಅಂದರು. ಎಲ್ಲ ಗೊತ್ತಿದ್ದೂ ಅಂದರು!

ಎದ್ದು ನಿಂತೆ. ಏನನ್ನೂ ವಿವರಿಸಲು ಹೋಗದೆ ಗೋಡೆಯ ದೊಡ್ಡ ಪರದೆಯ ಮೇಲೆ ಪಟ್ಟಿ ತೆರೆದೆ. ಕಾರ್ಯದರ್ಶಿಯವರೇ ಹೋದ ವಾರ ಹಾಕಿದ್ದ ಸಭೆಯ ನೋಟಿಸಿನ ಫೈಲೊಂದು ಅದೇ ಫೋಲ್ಡರಿನಲ್ಲಿತ್ತು. ಒಂದೇ ಸಾಲು ಬರೆದು ಅದರ ಸಮಯವನ್ನು ಹತ್ತು ವರ್ಷ ಹಿಂದಕ್ಕೆ ತಳ್ಳಿದೆ. ಪಟ್ಟಿಯ ಬುಡಕ್ಕೆ ಹೋಗಿ ಬಿತ್ತು. “ಈ ಸಂಘದ ವೆಬ್‌ಸೈಟೇ ಇಲ್ಲದಿದ್ದಾಗ ನಿಮ್ಮ ಕಾರ್ಯದರ್ಶಿಗಳು ಇದನ್ನ ಸಲ್ಲಿಸಿದಾರೆ, ನೋಡಿ” ಅಂದೆ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕಂದರು. ಆಮೇಲೆ ಯಾರೂ ನಗಲಿಲ್ಲ.

“ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ. ನಾನು ಈಯಿತು ಅಂದೆ, ನೀವು ಕಟ್ಟಿದ್ರಿ. ತಪ್ಪು ನಂದು” ಎಂದು ಶುರು ಮಾಡಿ ಎಲ್ಲ ಹೇಳಿದೆ. ಅರಿಶಿಣದ ಬೊಟ್ಟು ಇಟ್ಟಾಗಲೆಲ್ಲ ದಿನಾಂಕ ಹೊಸದಾಗುವುದನ್ನು, ಹಳೇ ಕಟ್ಟುಗಳಲ್ಲಿ ಸಿಕ್ಕಿದ್ದನ್ನು, ಎರಡು ಪ್ರಿಂಟಿಗೂ ನಾನು ಸಹಿ ಹಾಕಿದ್ದನ್ನು. ಜಾಲಿ ಹೂವು ಗ್ರಾಫಮ್ಮನದು ಅಂದೆ. ಹೋದ ವರ್ಷದ ಸೆರಗು ಆ ಹಿರಿಯರದು ಅಂದೆ. ದೂರುದಾರರು ಮೊಬೈಲ್ ಜೇಬಿಗೆ ಹಾಕಿ, ಯಾವುದೋ ಕರೆ ಬಂದವರ ಹಾಗೆ ಹೊರಗೆ ಹೋದರು. ಮುಖದಲ್ಲಿ ನಾಚಿಕೆಯಿಲ್ಲ. ಅವರನ್ನು ಯಾರೂ ತಡೆಯಲಿಲ್ಲ.

ಕಾರ್ಯದರ್ಶಿಯವರು ಚಕ್ಕನೆ ದನಿ ಬದಲಿಸಿದರು. “ಬಾಳ ಸಂತೋಷ. ಅಮ್ಮನ ಮ್ಯಾಲಿನ ಆರೋಪ ಸರ್ವಾನುಮತದಿಂದ ಕೈಬಿಟ್ಟಾತು ಅಂತ ಬರ್ಕಂತೀನಿ. ಚಪ್ಪಾಳೆ ಹೊಡೀರಿ.”

“ಆ ಹಿರಿಯರದು?” ಅಂದೆ.

“ಅದು ಹೋದ ವರ್ಷದ್ದು ಮೇಡಂ. ಆ ತೀರ್ಮಾನದ ಪುಸ್ತಕ ಮುಚ್ಚೈತೆ. ಆ ಮುದುಕಪ್ಪ ಊರೇ ಬಿಟ್ಟು ಧರ್ಮಾವರದ ಕಡೆ ಹೋಗ್ಯಾನೆ, ಯಾರ್ದೋ ಮಗ್ಗದಾಗೆ ಕೂಲಿ ನೇಯ್ತಾನಂತೆ. ಆಗಿದ್ದು ಆಗೋತು.”

ಚಪ್ಪಾಳೆ ಬಿತ್ತು. ಅದನ್ನು ಕೇಳುತ್ತ ಆ ಹಾಲ್‌ನಲ್ಲಿ ಇನ್ನೊಂದು ನಿಮಿಷ ನಿಲ್ಲುವುದೂ ಅಸಹ್ಯ ಅನಿಸಿತು. ನನ್ನ ವೈರುಗಳನ್ನು ಸುತ್ತಿ ಚೀಲಕ್ಕೆ ತುರುಕತೊಡಗಿದೆ.

ಗ್ರಾಫಮ್ಮ ಎದ್ದು ನಿಂತಿದ್ದರು. ಅವರು ಚಪ್ಪಾಳೆಯ ಕಡೆ ನೋಡಲೇ ಇಲ್ಲ, ನನ್ನನ್ನೇ ನೋಡುತ್ತಿದ್ದರು. ಸದ್ದು ನಿಂತ ಮೇಲೆ ಕೇಳಿದರು.

“ಆ ಮುದುಕಪ್ಪನ ಸೆರಗಿಗೂ ಪಸುಪು ಇಟ್ಟಿದ್ದು ನಾನೇ ಅಲ್ವಾ?”

ಸುಳ್ಳು ಹೇಳಲು ಬಾಯಿ ಬರಲಿಲ್ಲ. “ಹೌದಮ್ಮ” ಅಂದೆ.

“ಎಷ್ಟು ಸಾರಿ ಇಟ್ಟಿದ್ನೋ. ಅದು ಹಳೇದು ಅಂತ ನನಗೆ ಗೊತ್ತೇ ಇತ್ತು ಕಣಮ್ಮ. ಹೋದ ವರ್ಷನೂ ಇಂಥದೇ ಪ್ರಿಂಟ್ ತೋರಿಸಿದ್ರು. ಕಂಪ್ಯೂಟರಾಗೆ ಬಂದೈತೆ ಅಂದ್ರೆ ನನಗೇ ಮರೆವು ಬಂದಿರ್ಬೇಕು ಅಂದ್ಕಂಡೆ.” ಅವರು ಸಭೆಯ ಕಡೆ ತಿರುಗಿದರು. “ಆ ಮುದುಕಪ್ಪನ ಹೆಸರು ತೆಗೀಬೇಕು ಅನ್ನೋರು ಕೈ ಎತ್ರಿ ಅಂದಾಗ, ಎಲ್ಲಾರ್ಗಿಂತ ಮೊದ್ಲು ಎತ್ತಿದ್ದು ನಾನೇ.”